ನಿರ್ಜನ ಬೋರೆಯ ಗಾಲ್ಫ್ ಕ್ಲಬ್ಬು

ನಮ್ಮ ಯಜಮಾನರು ಸಂಜೆ ಟೀವಿ ಮುಂದೆ ಕೂತು ಹಿಮ್ಮಡಿಯ ಕೆಳಗೆ ಗಾಲ್ಫ್ ಚೆಂಡೊಂದನ್ನು ಉರುಳಿಸಿಕೊಳ್ಳುತ್ತಾರೆ. ಹಿಮ್ಮಡಿ ನೋವಿಗೆ ಇದಕ್ಕಿಂತ ಒಳ್ಳೆಯ ಔಷಧವಿಲ್ಲವಂತೆ. ಆ ಆಟದಿಂದ ನಮ್ಮ ಮನೆಗೆ ಆದ ಉಪಕಾರ ಇದೊಂದೇ. ಆಟಕ್ಕೆ ನನ್ನಿಂದ ಆದ ಉಪಕಾರವೋ ಅಪಕಾರವೋ, ಅದನ್ನು ಇಲ್ಲಿ ಹೇಳಿಕೊಳ್ಳುತ್ತೇನೆ. ತೀರ್ಪು ನಿಮಗೆ ಬಿಟ್ಟದ್ದು.

ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೆ ಹೋಗುವಾಗ ಒಂದು ಬೋರೆ, ಅಂದರೆ ಬಯಲು ದಿಣ್ಣೆ, ಸಿಗುತ್ತದೆ. ಅದರ ಮೇಲೆ ಒಂಬತ್ತು ಕುಳಿಗಳ ಗಾಲ್ಫ್ ಕ್ಲಬ್ಬು. ಅದರ ಅಧ್ಯಕ್ಷರು, ಕೊಡಗಿನ ಗಡಿಯಲ್ಲಿ ಕಾಫಿ ತೋಟವಿರುವ ಸಜ್ಜನರು, ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಇತಿಹಾಸ ಬರೆದುಕೊಡಬೇಕೆಂದು ನಮ್ಮ ಮನೆಗೆ ಬಂದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು ನಾನು. ಅಚ್ಚಿನಲ್ಲಿ ಹೆಸರು ಬರುತ್ತದೆಂದರೆ ಗಾಲ್ಫಿನದೇನು, ಗೊಬ್ಬರದ ಗುಂಡಿಯ ಇತಿಹಾಸವನ್ನೂ ಬರೆಯುತ್ತಿದ್ದೆ. "ಸ್ವಲ್ಪ ಗಂಭೀರವಾಗಿರಲಿ ಮೇಡಂ. ಎಲ್ಲಾದರೂ ಒಬ್ಬ ಬ್ರಿಟಿಷ್ ದೊರೆ ಸಿಕ್ಕಿದರೆ ಬಿಡಬೇಡಿ," ಎಂದರು ಅಧ್ಯಕ್ಷರು.

ಎಷ್ಟು ಹುಡುಕಿದರೂ ದೊರೆ ಸಿಗಲಿಲ್ಲ. ಕ್ಲಬ್ಬು ಕಟ್ಟಿದವರೆಂದು ಸಿಕ್ಕವರು ಒಬ್ಬ ದನದ ಡಾಕ್ಟರು, ಇಬ್ಬರು ತಂಬಾಕು ವ್ಯಾಪಾರಿಗಳು. ತಂಬಾಕಿನ ಹರಾಜು ಮುಗಿದ ಮೇಲೆ ಮಾಡಲು ಕೆಲಸವಿಲ್ಲದ ಈ ಮೂವರ ನಡುವೆ ಇದ್ದದ್ದು ಒಂದೇ ಕೋಲು. ಒಬ್ಬರು ಹೊಡೆದರೆ ಉಳಿದಿಬ್ಬರು ಹೊಡೆದದ್ದು ಸರಿಯಿಲ್ಲವೆಂದು ಹೇಳುತ್ತಿದ್ದರು. ನೆಲದಲ್ಲಿ ಹೂತ ಹಾಲಿನಪುಡಿ ಡಬ್ಬಿಯೇ ಕುಳಿ. ಕುಳಿಯ ಸುತ್ತ ಹಸಿರು ಬೆಳೆಸಲು ನೀರಿರಲಿಲ್ಲವಾದ್ದರಿಂದ ಮರಳಿಗೆ ಲಾರಿಯ ಸುಟ್ಟೆಣ್ಣೆ ಕಲಸಿ ತಟ್ಟಿದ್ದರು. ಉಳಿದ ಬೋರೆಯ ಹುಲ್ಲು ಕತ್ತರಿಸುವ ಗುತ್ತಿಗೆ ಊರಿನ ಕುರಿಗಳದ್ದು. ಚೆಂಡು ಹುತ್ತದೊಳಕ್ಕೆ ಹೋದರೆ ಅದು ನಾಗಪ್ಪನ ಪಾಲು, ಕೈ ಹಾಕಕೂಡದು ಎಂಬುದೇ ಕ್ಲಬ್ಬಿನ ಮೊಟ್ಟಮೊದಲ ನಿಯಮ.

ಇಷ್ಟು ರಸವತ್ತಾದ ಸಂಗತಿಯನ್ನು ಹಾಗೆಯೇ ಬರೆದಿದ್ದರೆ ಸಾಕಾಗಿತ್ತು. ನನಗೆ ಸಾಲಲಿಲ್ಲ. "ಒಂದು ಕಾಲದಲ್ಲಿ ನಿರ್ಜನವೂ ನೀರವವೂ ನಿಸ್ತೃಣವೂ ಆಗಿದ್ದ ಈ ಬೋರೆಯಲ್ಲಿ" ಎಂದು ಆರಂಭಿಸಿದೆ. ಸಾಲಾಗಿ ಮೂರು 'ನಿ'ಕಾರಗಳು ಕೂತದ್ದನ್ನು ಕಂಡು ನನಗೇ ಪುಳಕವಾಯಿತು. ಕುರಿ ಮೇಯುತ್ತಿದ್ದ ಜಾಗ ನಿಸ್ತೃಣ ಹೇಗಾದೀತೆಂಬುದು ಹೊಳೆಯಲಿಲ್ಲ, ಪ್ರಾಸ ಹೊಳೆದಿತ್ತು. ಸಂಚಿಕೆ ಅಚ್ಚಾಗಿ ಬಂತು.

ಅದೇ ವಾರ, ಮೈಸೂರಿನಿಂದ ಬಂದ ಅತಿಥಿಯೊಬ್ಬರು ಹೊಡೆದ ಚೆಂಡು ನಾಲ್ಕನೆಯ ಕುಳಿಯ ಬಳಿ ದಾಟುತ್ತಿದ್ದ ಚಿಕ್ಕತಾಯಮ್ಮನ ತಲೆಯ ಮೇಲಿನ ಹುಲ್ಲುಹೊರೆಯೊಳಗೆ ಹೊಕ್ಕಿತು. ಚಿಕ್ಕತಾಯಮ್ಮ ಬೋರೆಯ ಕೆಳಗಿನ ಊರಿನವಳು. ಎರಡು ಹಸು ಸಾಕಿದ್ದಾಳೆ. ಅವಳ ಮಗಳು ನನ್ನ ವಿದ್ಯಾರ್ಥಿನಿಯಾಗಿದ್ದವಳು. ಚಿಕ್ಕತಾಯಮ್ಮ ಹೊರೆ ಇಳಿಸಿ ಚೆಂಡನ್ನು ಹೆಕ್ಕಿ, "ಇದ್ಯಾವ ಕೋಳಿ ಕಣ್ರಪ್ಪ, ಮ್ಯಾಲಿಂದ ಮೊಟ್ಟೆ ಇಕ್ಕೋದು?" ಎಂದು ವಾಪಸು ಕೊಟ್ಟಳಂತೆ. ಅವಳು ನಕ್ಕಳು, ಕ್ಲಬ್ಬು ಬೆವರಿತು. ಕಾಲುದಾರಿಗೆ ಅಡ್ಡಲಾಗಿ ತಂತಿಬೇಲಿ ಹಾಕಿಸುವುದೆಂದು ಸಮಿತಿ ತೀರ್ಮಾನಿಸಿತು. ಊರಿನ ಹೆಂಗಸರು ಹೋಗಿ, ಇದು ಅತ್ತೆಯಂದಿರ ಕಾಲದ ದಾರಿ ಎಂದು ವಾದಿಸಿದರೆ, ಅಧ್ಯಕ್ಷರು ಸ್ಮರಣ ಸಂಚಿಕೆ ಬಿಡಿಸಿ ನನ್ನ ಮೊದಲ ವಾಕ್ಯವನ್ನು ಗಟ್ಟಿಯಾಗಿ ಓದಿದರು.

ಮಾರನೆಯ ಬೆಳಿಗ್ಗೆ ಚಿಕ್ಕತಾಯಮ್ಮ ನಮ್ಮ ಬಾಗಿಲಲ್ಲಿ ನಿಂತಿದ್ದಳು.

"ಟೀಚರಮ್ಮ, ನಿರ್ಜನ ಅಂದ್ರೆ ಏನ್ರವ್ವ?"

"ಜನ ಇಲ್ಲದ ಜಾಗ."

"ಅಂಗಾರೆ ನಾವೇನು?"

ಮೂವತ್ತು ವರ್ಷ ಪ್ರಶ್ನೆಪತ್ರಿಕೆ ತೆಗೆದವಳಿಗೆ ಇಂಥ ಪ್ರಶ್ನೆ ಹೊಳೆದಿರಲಿಲ್ಲ. "ಅದು ಸುಮ್ಮನೆ ಚಂದಕ್ಕೆ ಬರೆದದ್ದು ಚಿಕ್ಕತಾಯಮ್ಮ," ಎಂದೆ.

"ಚಂದುಕ್ಕೆ ಬರುದ್ರಾ? ಬುಡಿ ಮತ್ತೆ. ನಾಳಿಂದ ಒರೆ ಒತ್ಕಂಡು ಬಸ್ಸು ಲಾರಿ ಮಧ್ಯ ರೋಡ್ನಾಗೆ ಸುತ್ಕಂಡ್ ಬತ್ತೀವಿ. ಚಂದವಾಗೇ ಬತ್ತೀವಿ."

ಅವಳು ಸಿಟ್ಟಿನಿಂದ ಕೂಗಿದ್ದರೆ ನಾನೂ ಕೂಗಿ ಪಾರಾಗುತ್ತಿದ್ದೆ. ಅವಳು ಕೂಗಲಿಲ್ಲ. "ಬನ್ನಿ, ತೋರುಸ್ತೀನಿ," ಎಂದು ನಡೆದಳು. ಚಪ್ಪಲಿ ಮೆಟ್ಟಿಕೊಂಡು ಹಿಂದೆ ಹೋದೆ. ಇತಿಹಾಸ ಬರೆಯುವಾಗ ಕ್ಲಬ್ಬಿನ ವರಾಂಡದಲ್ಲಿ ಟೀ ಕುಡಿದಿದ್ದೆನೇ ಹೊರತು ಬೋರೆಯನ್ನು ತುಳಿದಿರಲಿಲ್ಲ. ಆ ದಾರಿ ತುಳಿದು ತುಳಿದು ಕಾಲುವೆಯಂತೆ ತಗ್ಗಾಗಿತ್ತು. ಪಕ್ಕದಲ್ಲಿ ಎರಡು ನೆಟ್ಟ ಕಲ್ಲು, ಮೇಲೊಂದು ಅಡ್ಡಗಲ್ಲು. ಆಟಗಾರರು ಅದಕ್ಕೆ ಟೋಪಿ ಸಿಕ್ಕಿಸುತ್ತಿದ್ದರು. ಸಂಚಿಕೆಯಲ್ಲಿ ನಾನು ಅದನ್ನು 'ಅಜ್ಞಾತ ಶಿಲ್ಪಿಯ ನಿಗೂಢ ಕುರುಹು' ಎಂದಿದ್ದೆ.

"ಇದು ಒರೆಗಲ್ಲು ಕಣ್ರವ್ವ. ಒರೆ ಇಳ್ಸಿ ಉಸ್ರು ಬುಡಾಕೆ. ನಮ್ಮತ್ತೆ ತುಂಬು ಬಸುರಿ, ಒರೆ ಒತ್ಕಂಡು ಇಲ್ಲೇ ಕುಸ್ದುಬಿಟ್ಟಿತ್ತಂತೆ. ಆಮ್ಯಾಕೆ ಊರೋರು ಸೇರಿ ನಿಲ್ಸುದ್ರು."

"ಮಗು?"

"ಉಳೀಲಿಲ್ಲ," ಎಂದಳು.

ಬೆಳ್ಳಿಹಬ್ಬದ ಸಮಾರಂಭದ ದಿನ ನನಗೆ ಶಾಲು ಹೊದಿಸಿ, ಎರಡು ಮಾತಾಡಿ ಎಂದರು. ಮಕ್ಕಳ ತಪ್ಪಿಗೆಲ್ಲ ಕೆಂಪು ಗೆರೆ ಎಳೆದ ಕೈಯಲ್ಲೇ ಮೈಕು ಹಿಡಿದೆ. "ಸಂಚಿಕೆಯ ಮೊದಲ ವಾಕ್ಯದಲ್ಲೇ ಸುಳ್ಳಿದೆ," ಎಂದೆ.

"ಅಚ್ಚಿನ ದೋಷವೇ ಮೇಡಂ?" ಎಂದು ಅಧ್ಯಕ್ಷರು ನಗುತ್ತ ಪಾರಾಗುವ ದಾರಿ ತೋರಿಸಿದರು. ಅದರೊಳಗೆ ನುಸುಳಿಬಿಡಬಹುದಿತ್ತು.

"ಅಲ್ಲ, ನನ್ನ ದೋಷ. ಅಲ್ಲಿ ಜನ ಇದ್ದರು, ಈಗಲೂ ಇದ್ದಾರೆ. ನಾನು ನೋಡದೆ ಬರೆದೆ," ಎಂದು ಹೊರೆಗಲ್ಲಿನ ಕತೆಯನ್ನಷ್ಟೇ ಹೇಳಿ ಕೂತೆ. ಭಾಷಣ ಮುಗಿಯಿತೆಂಬ ಸಂತೋಷಕ್ಕೆ ಮುಖ್ಯ ಅತಿಥಿಗಳೊಬ್ಬರೇ ಚಪ್ಪಾಳೆ ತಟ್ಟಿದರು. ಆಗ ಮುಂದಿನ ಸಾಲಿನಿಂದ ಸಂಸ್ಥಾಪಕರಲ್ಲಿ ಬದುಕಿರುವ ಒಬ್ಬರೇ ಒಬ್ಬರು, ಆ ದನದ ಡಾಕ್ಟರು, ಊರುಗೋಲು ಹಿಡಿದು ಎದ್ದರು.

"ಟೀಚರ್ ಹೇಳಾದು ದಿಟ ಕಣ್ರೀ. ಹೆಂಗಸ್ರು ದಾಟ್ಲಿ ಅಂತ ದಿನಾ ನಿಂತ್ಕಂಡು ಕಾಯ್ತಿದ್ವಿ. ನಾವು ಆಡಿದ್ದಕ್ಕಿಂತ ಕಾದಿದ್ದೇ ಜಾಸ್ತಿ. ಕಾಯೋಕೆ ಬರ್ದೇ ಇದ್ರೆ ಈ ಆಟ ಯಾಕ್ ಆಡ್ತೀರಿ?"

ಬೇಲಿ ಏಳಲೇ ಇಲ್ಲ. ಹೆಂಗಸರು ದಾಟುವವರೆಗೆ ಹೊಡೆಯಕೂಡದೆಂಬ ಹೊಸ ನಿಯಮ ಬಂತು. ನಾನು ಒಂದು ವಾರ ಕೂತು ಪ್ರತಿಯೊಂದು ಸಂಚಿಕೆಯಲ್ಲೂ ನನ್ನ ಮೊದಲ ವಾಕ್ಯವನ್ನು ಮಸಿಯಲ್ಲಿ ಹೊಡೆದುಹಾಕಿದೆ. ಅಧ್ಯಕ್ಷರು ಅಷ್ಟೂ ದಿನ ನನ್ನೊಡನೆ ಮಾತಾಡಲಿಲ್ಲ.

ಮೊನ್ನೆ ಆ ದಾರಿಯಲ್ಲೇ ಚಿಕ್ಕತಾಯಮ್ಮನ ಜೊತೆ ಬರುತ್ತಿದ್ದೆ. ನಾಲ್ವರು ಆಟಗಾರರು ಕೋಲೂರಿ ಕಾಯುತ್ತಿದ್ದರು, ಅಧ್ಯಕ್ಷರೂ ಅವರಲ್ಲೊಬ್ಬರು. ಸರಿಯಾಗಿ ಮೈದಾನದ ನಡುಮಧ್ಯದಲ್ಲಿ ಅವಳು ಹೊರೆಯನ್ನು ಧೊಪ್ಪನೆ ಇಳಿಸಿದಳು. ತಲೆಯ ಬಟ್ಟೆ ಸಿಂಬೆಯನ್ನು ಬಿಚ್ಚಿ, ಕೊಡವಿ, ಯಾವ ಅವಸರವೂ ಇಲ್ಲದೆ ಮತ್ತೆ ಸುತ್ತಿದಳು. ನಾನು ಹೊರೆಗೆ ಕೈ ಹಾಕಲು ಹೋದರೆ, "ನಿಮ್ ಕೈಲಾಗಕಿಲ್ಲ ಬುಡಿ," ಎಂದು ಅಧ್ಯಕ್ಷರ ಕಡೆ ತಿರುಗಿ, "ಸಾಮಿ, ಒಸಿ ಕೈ ಕೊಡ್ರೀ," ಎಂದು ಕೂಗಿದಳು.

ಅವರು ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ಕೋಲನ್ನು ಹುಲ್ಲಿನ ಮೇಲೆ ಹಾಕಿ, ಬಂದು ಬಗ್ಗಿ, ಎರಡೂ ಕೈಯಲ್ಲಿ ಹೊರೆಯನ್ನು ಎತ್ತಿ ಅವಳ ತಲೆಗಿಟ್ಟರು. ಅವರ ಮುಖ ಕೆಂಪೇರಿತ್ತು.

"ಅಬ್ಬಾ! ಎಷ್ಟು ಭಾರ ಇದೆ ಇದು!"

"ಇವತ್ತು ಕಮ್ಮಿನೇ ಕಣ್ರೀ," ಎಂದು ಅವಳು ನಡೆದಳು.