ದುರ್ಬೀನಿನ ಪೀಠ ತಿರುಗಿದ್ದು

ದುರ್ಬೀನು ಮಾಡುವವನ ಕಷ್ಟವೆಲ್ಲ ಗಾಜಿನಲ್ಲಿರುತ್ತದೆಂದು ಜನ ತಿಳಿಯುತ್ತಾರೆ. ನನ್ನ ಕಷ್ಟವೆಲ್ಲ ಪೀಠದಲ್ಲಿತ್ತು. ಗಾಜನ್ನು ಯಾರೋ ತಿಳಿದವರು ಎಂದೋ ಉಜ್ಜಿ ನುಣುಪು ಮಾಡಿಟ್ಟಿದ್ದರು; ಅದನ್ನು ಹೊತ್ತ ಹಲಗೆ ಎಡಕ್ಕೂ ಬಲಕ್ಕೂ ಸಲೀಸಾಗಿ ಹೊರಳುವಂತೆ ಮಾಡಿದರೆ ನನ್ನ ಕೆಲಸ ಮುಗಿಯುತ್ತಿತ್ತು. ಅಷ್ಟು ಮಾಡುವುದಕ್ಕೆ ಒಂದು ಚಳಿಗಾಲ ಪೂರ್ತಿ ಹಿಡಿಯಿತು.

ಆಗ ನಾನು ಚಿತ್ತಾಪುರದಲ್ಲಿ ಗಣಿತದ ಮಾಸ್ತರ. ಉರ್ದುವಿನಲ್ಲಿ ಕಲಿತ ಗಣಿತವನ್ನು ಕನ್ನಡದಲ್ಲಿ ಹೇಳಿಕೊಡಬೇಕಾಗಿ ಬಂದಿದ್ದ ಕಾಲ ಅದು. ವಿಜ್ಞಾನ ಕಲಿಸುತ್ತಿದ್ದ ಖಾದರ್ ಸಾಹೇಬರಿಗೆ ಕನ್ನಡ ಮಾತು ಬರುತ್ತಿತ್ತು, ಬರಹ ಬರುತ್ತಿರಲಿಲ್ಲ. ನಾನು ಅವರಿಗೆ ಒತ್ತಕ್ಷರ ತಿದ್ದಿಸುತ್ತಿದ್ದೆ. ಅವರು ನನಗೆ ಬೆಳಕು ಗಾಜಿನೊಳಗೆ ಹೇಗೆ ಬಾಗುತ್ತದೆಂದು ತಿಳಿಸುತ್ತಿದ್ದರು. ಹೈದರಾಬಾದಿನ ಗುಜರಿಯಲ್ಲಿ ಅವರಿಗೆ ಸಿಕ್ಕ ಒಂದು ಮಸೂರವೇ ನಮ್ಮ ದುರ್ಬೀನಿಗೆ ಮೂಲ. ಅದಕ್ಕೊಂದು ತಗಡಿನ ಕೊಳವೆ, ಕೊಳವೆಯನ್ನು ಹಿಡಿಯಲು ಕಟ್ಟಿಗೆಯ ಕವೆ, ಕವೆಯ ಕೆಳಗೆ ತಿರುಗುವ ಹಲಗೆ, ಹಲಗೆಯ ಕೆಳಗೆ ಶಹಾಬಾದಿ ಕಲ್ಲು. ನಮ್ಮ ಕಡೆ ನೆಲಕ್ಕೂ ಮಾಡಿಗೂ ಗೋರಿಗೂ ಅದೇ ಕಲ್ಲು. ಆಕಾಶಕ್ಕೂ ಅದನ್ನೇ ಹಾಸಿದೆವು.

ಹಲಗೆ ತಿರುಗುತ್ತಿತ್ತು, ಆದರೆ ಹಟಮಾರಿ ಎತ್ತಿನಂತೆ. ತಳ್ಳಿದರೆ ಏಳುತ್ತಿರಲಿಲ್ಲ, ಇನ್ನಷ್ಟು ತಳ್ಳಿದರೆ ಒಮ್ಮೆಲೇ ಎದ್ದು ಓಡುತ್ತಿತ್ತು. ಕಣ್ಣಲ್ಲಿದ್ದ ಚಂದ್ರ ಆ ಓಟಕ್ಕೆ ಎಲ್ಲೋ ಹೋಗಿ ಬೀಳುತ್ತಿದ್ದ. ನಾನಾದರೆ ಮತ್ತೆ ಹುಡುಕಿಕೊಳ್ಳುತ್ತಿದ್ದೆ. ಆದರೆ ಅದನ್ನು ನಾನು ಮಾಡಿದ್ದು ನನಗಾಗಿ ಅಲ್ಲ.

ಮನೆಯಲ್ಲಿ ನನ್ನ ಅಕ್ಕ ಗೌರಮ್ಮ ಇದ್ದಳು. ಹೈದರಾಬಾದ್ ಸಂಸ್ಥಾನ ಮುಗಿಯುವ ಮುಂಚಿನ ಗಲಾಟೆಯ ವರ್ಷ ಅವಳೂ ಭಾವನೂ ಚಿಂಚೋಳಿಯ ಮನೆಗೆ ಬೀಗ ಹಾಕಿ ಸಂಸ್ಥಾನದ ಗಡಿಯಾಚೆ ಹೋಗಿದ್ದರು. ಅಲ್ಲಿ ಜ್ವರ ಹತ್ತಿ ಭಾವ ತೀರಿಕೊಂಡರು. ಅಕ್ಕ ಒಂದು ಟ್ರಂಕು ಹಿಡಿದುಕೊಂಡು ನನ್ನ ಮನೆಗೆ ಬಂದಳು. ಬಂದಾಗಿನಿಂದ ಅವಳ ಕೈ ನಡುಗುತ್ತಿತ್ತು. ಹೊಸ್ತಿಲು ದಾಟುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ಜೋಳ ಹಸನು ಮಾಡುತ್ತ ಕುಳಿತರೆ ಮೊರದಲ್ಲಿ ಕಾಳು ತಾವಾಗಿಯೇ ಕುಣಿಯುತ್ತಿದ್ದವು.

ಒಂದು ಸಂಜೆ ಬಹಳ ಒತ್ತಾಯ ಮಾಡಿ ಅವಳನ್ನು ಮಾಳಿಗೆಗೆ ಕರೆದುಕೊಂಡು ಹೋದೆ. ಚಂದ್ರನನ್ನು ಹಿಡಿದುಕೊಟ್ಟು ಪಕ್ಕಕ್ಕೆ ಸರಿದೆ. ಅವಳ ಕೈ ಕೊಳವೆಗೆ ತಾಗಿತು, ಹಲಗೆ ಜಿಗಿಯಿತು, ಚಂದ್ರ ಹೋದ. ಮತ್ತೆ ಹಿಡಿದುಕೊಟ್ಟೆ, ಮತ್ತೆ ಹೋದ. ಅವಳು ಸೆರಗಿನಲ್ಲಿ ಕೈ ಸುತ್ತಿಕೊಂಡಳು.

"ಬಿಡೋ ತಮ್ಮಾ. ನನ್ನ ಕೈಯಾಗ ಏನೂ ನಿಂದ್ರಂಗಿಲ್ಲ," ಎಂದು ಕೆಳಗಿಳಿದು ಹೋದಳು.

ಮರುದಿನದಿಂದ ನಾನು ಪೀಠದ ಬೆನ್ನು ಹತ್ತಿದೆ. ಔಡಲೆಣ್ಣೆ ಹಚ್ಚಿದೆ, ಊರಿನ ಧೂಳೆಲ್ಲ ಅದಕ್ಕೆ ಅಂಟಿ ರೊಟ್ಟಿ ಬಡಿಯುವ ಹಿಟ್ಟಿನಂತಾಯಿತು. ಸಾಬೂನು ಸವರಿದೆ, ಇರುವೆಗಳಿಗೆ ಹಬ್ಬವಾಯಿತು. ಕೊನೆಗೆ ವಾಡಿಯ ರೈಲ್ವೆ ಪರಿಚಯಸ್ಥರಿಂದ ಉಕ್ಕಿನ ಗುಂಡುಗಳನ್ನು ತಂದು ಹಲಗೆಯ ಕೆಳಗೆ ಕೂರಿಸಿದೆ. ಉಸಿರು ಬಿಟ್ಟರೂ ತಿರುಗುವಷ್ಟು ಹಗುರಾಯಿತು. ನಾನು ಗೆದ್ದೆನೆಂದುಕೊಂಡೆ. ಖಾದರ್ ಸಾಹೇಬರು ಗಾಳಿಗೇ ತಾನಾಗಿ ತಿರುಗುತ್ತಿದ್ದ ದುರ್ಬೀನನ್ನು ನೋಡಿ ತಲೆಯಾಡಿಸಿದರು.

"ಇದು ಭಾಳ ಹಲ್ಕಾ ಆಯ್ತು ಮಾಸ್ತರ್ ಸಾಬ್. ಅಕ್ಕನ ಕೈ ನಡುಗಿದ್ರ ಇದೂ ನಡುಗ್ತದ. ಸ್ವಲ್ಪ ಹಿಡೀಬೇಕು, ಆದ್ರ ಜಗ್ಗಬಾರದು."

ಆ ಮಾತನ್ನು ಇಬ್ಬರೂ ಬಹಳ ದಿನ ಚರ್ಚಿಸಿದೆವು. ಹಿಡಿತವೇ ಇಲ್ಲದಿರುವುದನ್ನು ನಾನು ಸಲೀಸು ಎಂದುಕೊಂಡಿದ್ದೆ. ಬೇಕಾಗಿದ್ದುದು ಹೊರಡುವಾಗಲೂ ನಡೆಯುವಾಗಲೂ ಒಂದೇ ಸಮನಾಗಿರುವ ಹಿಡಿತ. ಹಲಗೆ ಪೂರ್ತಿ ಕಲ್ಲಿಗೆ ಒರಗಬಾರದು. ಮೂರೇ ಮೂರು ನಮದೆಯ ತುಂಡುಗಳ ಮೇಲೆ, ಕುದುರೆಯ ಜೀನಿಗೆ ಹಾಕುವ ಒತ್ತಿದ ಉಣ್ಣೆಯ ಮೇಲೆ, ನಿಲ್ಲಬೇಕು. ಮೂರು ಕಾಲಿನದು ಎಂದೂ ಕುಂಟುವುದಿಲ್ಲ. ಆದರೆ ಒರಟು ಕಲ್ಲು ಉಣ್ಣೆಯನ್ನು ಹರಿಯುತ್ತಿತ್ತು. ನಡುವೆ ಗಟ್ಟಿಯಾದ, ನುಣುಪಾದ, ದುಂಡಗಿನ ವಸ್ತುವೊಂದು ಬೇಕಾಗಿತ್ತು.

ನಾವು ಹೀಗೆ ಪಡಸಾಲೆಯಲ್ಲಿ ತಲೆ ಕೆಡಿಸಿಕೊಂಡಿದ್ದಾಗ ಅಕ್ಕ ಒಳಗೆ ಹೋಗಿ ಟ್ರಂಕು ತೆಗೆದ ಸದ್ದಾಯಿತು. ಹಳೆಯ ಧೋತರದಲ್ಲಿ ಸುತ್ತಿದ ಗ್ರಾಮಫೋನಿನ ತಟ್ಟೆಯೊಂದನ್ನು ತಂದು ನಮ್ಮ ಮುಂದೆ ಇಟ್ಟಳು. ಭಾವನಿಗೆ ಹಾಡಿನ ಹುಚ್ಚಿತ್ತು. ಯಂತ್ರ ಚಿಂಚೋಳಿಯಲ್ಲೇ ಹಾಳಾಗಿತ್ತು, ಉಳಿದದ್ದು ಇದೊಂದೇ. ನಟ್ಟನಡುವೆ, ಹಲಗೆ ತಿರುಗುವ ಮೊಳೆಗೆ ಹೇಳಿಮಾಡಿಸಿದ ತೂತು, ಸುತ್ತ ಒಂದೇ ಸಮನಾದ ಗೆರೆಗಳು. ನೋಡಿದ ಕೂಡಲೇ ಇದೇ ಎಂದು ನನಗೆ ಗೊತ್ತಾಯಿತು. ಮುಟ್ಟಲು ಮನಸ್ಸಾಗಲಿಲ್ಲ.

ಖಾದರ್ ಸಾಹೇಬರು ಮೆಲ್ಲಗೆ, ಶಹಾಬಾದಿನಲ್ಲಿ ತಮ್ಮ ತಂಗಿಯ ಮನೆಯಲ್ಲಿ ತಟ್ಟೆ ಹಾಕುವ ಬಾಜಾ ಇದೆ, ಮೊದಲು ಒಮ್ಮೆ ಕೇಳೋಣ ಎಂದರು. ಅಕ್ಕ ತಟ್ಟೆಯನ್ನು ಮತ್ತೆ ಧೋತರದಲ್ಲಿ ಸುತ್ತಿಕೊಂಡಳು. ಆಮೇಲೆ ಬರುತ್ತೇನೆಂದಳು. ಅಷ್ಟು ವರ್ಷಗಳಲ್ಲಿ ಅವಳು ಹೊಸ್ತಿಲು ದಾಟಿದ್ದು ಅದೇ ಮೊದಲು. ವಾಡಿಯಲ್ಲಿ ಗಾಡಿ ಬದಲಿಸುವಾಗಲೂ ತಟ್ಟೆಯನ್ನು ನನ್ನ ಕೈಗೆ ಕೊಡಲಿಲ್ಲ.

ಸಾಹೇಬರ ತಂಗಿ ನಮ್ಮನ್ನು ಕೂರಿಸಿ, ಬಾಜಾಕ್ಕೆ ಕೀಲಿ ಕೊಟ್ಟು, ಮುಳ್ಳು ಇಟ್ಟರು. ಯಾವುದೋ ನಾಟಕದ ಪದ. ಗೊರಗೊರ ಸದ್ದಿನ ನಡುವೆ ಒಂದು ಗಂಡುದನಿ ಏರಿ ಇಳಿಯಿತು. ಅಕ್ಕ ತಲೆ ತಗ್ಗಿಸಿ ಕೇಳಿದಳು. ಮುಗಿಯುವ ಹೊತ್ತಿಗೆ ಅವಳ ಕೆನ್ನೆ ತೋಯ್ದಿತ್ತು. ಸಾಹೇಬರ ತಂಗಿ ಅವಳ ಪಕ್ಕಕ್ಕೆ ಬಂದು ಕುಳಿತರು. ಇನ್ನೊಮ್ಮೆ ಹಾಕಲೇ ಎಂದು ನಾನು ಕೇಳಿದೆ.

"ಸಾಕು," ಎಂದಳು ಅಕ್ಕ. "ಟ್ರಂಕಿನಾಗ ಇಟ್ಟು ಏನ್ ಮಾಡ್ಲಿ? ತಿರಗೋ ಸಾಮಾನು ಅದು. ತಿರಗ್ಲಿ."

ತಟ್ಟೆಯನ್ನು ಕಲ್ಲಿನ ಮೇಲೆ ಕೂರಿಸಿ, ನಡುವೆ ಮೊಳೆ ನಿಲ್ಲಿಸಿ, ನಮದೆಗೆ ಒಂದಿಷ್ಟು ಮೇಣ ಉಜ್ಜಿ ಹಲಗೆ ಇಟ್ಟೆವು. ಬೆರಳಿಟ್ಟರೆ ಹೊರಟಿತು, ತೆಗೆದರೆ ನಿಂತಿತು. ಆ ಸಂಜೆ ಹೊತ್ತು ಮುಳುಗುತ್ತಲೇ ಅಕ್ಕ ಕರೆಯದೆ ಮೇಲೆ ಬಂದಳು. ಅವಳ ಕೈ ಎಂದಿನಂತೆ ನಡುಗುತ್ತಿತ್ತು. ಆ ಸಣ್ಣ ನಡುಕವನ್ನು ನಮದೆ ನುಂಗಿಕೊಂಡಿತು. ಚಂದ್ರ ನಿಂತ. ಅವಳು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

"ಇದು ಸರೀಲಿಕತ್ತದಲ್ಲೋ," ಎಂದಳು ಆಮೇಲೆ.

ಸರಿಯುತ್ತಿರುವುದು ಚಂದ್ರನಲ್ಲ, ತಿರುಗುತ್ತಿರುವವರು ನಾವು ಎಂದೆ. ಅವಳು ನಂಬದವಳಂತೆ ನೆಲವನ್ನೊಮ್ಮೆ ನೋಡಿ, ಮತ್ತೆ ಕಣ್ಣಿಟ್ಟು, ಹಲಗೆಯನ್ನು ಬೆರಳಿನಿಂದ ತುಸುತುಸುವೇ ತಳ್ಳುತ್ತ ಚಂದ್ರನ ಹಿಂದೆಯೇ ಹೋದಳು.

ಮುಂದೆ ಓಣಿಯ ಹೆಂಗಸರು ನೋಡಲು ಬರತೊಡಗಿದರು, ಅಕ್ಕನೇ ತೋರಿಸುತ್ತಿದ್ದಳು. ಊರಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದಾಗ ಓದುಬರಹ ಬಲ್ಲವಳೆಂದು ಅಕ್ಷರ ಕಲಿಸಲು ಅವಳನ್ನು ಕರೆದರು, ಹೋದಳು. ಕೈನಡುಕ ಮಾತ್ರ ಕೊನೆಯವರೆಗೂ ಹೋಗಲಿಲ್ಲ. ಕರಿಹಲಗೆಯ ಮೇಲೆ ಅವಳು ಬರೆದ ಅ, ಆ ನೀರಿನಲ್ಲಿ ಕಂಡಂತೆ ಅಲುಗುತ್ತಿದ್ದವು. ಮಕ್ಕಳು ಆ ಅಲುಗಾಟವನ್ನೂ ಸೇರಿಸಿಯೇ ತಿದ್ದಿದರು. ಹೀಗಾಗಿ ನಮ್ಮೂರಿನ ಒಂದು ತಲೆಮಾರಿನ ಹೆಣ್ಣುಮಕ್ಕಳ ಕೈಬರಹವೆಲ್ಲ ಅಲೆಅಲೆಯಾಗಿದೆ. ಓದಲು ಯಾವ ತೊಂದರೆಯೂ ಇಲ್ಲ.