ವರ್ನಾ ಡೀಟ್ರಿಕ್ ತಡವಾಗಿ ಎದ್ದ ಮಂಗಳವಾರ

ಬರ್ಕ್ಸ್ ಕೌಂಟಿಯ ನಮ್ಮ ಮೂಲೆಯಲ್ಲಿ ವರ್ನಾ ಡೀಟ್ರಿಕ್ ಬಾಯಿಗೆ ಸಿಕ್ಕದೆ ಉಳಿದವರಿಲ್ಲ. ಅದರಲ್ಲೂ ಚರ್ಚಿನ ಉಪವಾಸದ ದಿನಗಳು ಶುರುವಾಗುವ ಮುನ್ನಾ ದಿನದ ಮಂಗಳವಾರ ಕೇಳಲೇಬೇಡಿ. ಅಂದು ಊರವರೇ ಫೈರ್‌ಸ್ಟೇಷನ್ನಿನ ಅಡುಗೆಮನೆಯಲ್ಲಿ ಸೇರಿ, ಆಲೂಗಡ್ಡೆ ಬೆರೆಸಿದ ಹಿಟ್ಟಿನ ಫಾಸ್ನಾಕ್ಟ್ ಎಂಬ ತಿಂಡಿ ಕರಿದು ಮಾರುತ್ತಾರೆ. ಎಲ್ಲರಿಗಿಂತ ಕೊನೆಗೆ ಹಾಸಿಗೆ ಬಿಟ್ಟವರ ಹೆಸರೂ ಅಂದು ಫಾಸ್ನಾಕ್ಟೇ. ದಿನವಿಡೀ ಹಾಗೆ ಕರೆಸಿಕೊಂಡು ಪಾತ್ರೆ ತಿಕ್ಕಬೇಕು. ಮದುವೆಯಾಗಿ ಬಂದ ಲಾಗಾಯ್ತು ವರ್ನಾ ಬಾಣಲೆ ಮುಂದೆ ನಿಂತವಳೇ ಹೊರತು ಪಾತ್ರೆ ಮುಟ್ಟಿದವಳಲ್ಲ. ತಡವಾಗಿ ಬಂದವರ ಮಾನ ಹರಾಜು ಹಾಕುವುದೆಂದರೆ ಅವಳಿಗೆ ಕರಿದದ್ದಕ್ಕಿಂತ ರುಚಿ.

ಇಲ್ಲಿಂದ ಹೊರಟ ಲಾರಿ ಸಂಜೆಯೊಳಗೆ ನ್ಯೂಯಾರ್ಕನ್ನೂ ಮುಟ್ಟುತ್ತದೆ, ಫಿಲಡೆಲ್ಫಿಯಾವನ್ನೂ ಮುಟ್ಟುತ್ತದೆ ಎಂದು ಗೊತ್ತಾದದ್ದೇ ತಡ, ಗೋದಾಮಿನವರು ನಮ್ಮ ಮೆಕ್ಕೆಜೋಳದ ಹೊಲಗಳಿಗೆ ಮುಗಿಬಿದ್ದರು. ಒಂದು ಮುಗಿಯುವಷ್ಟರಲ್ಲಿ ಇನ್ನೊಂದಕ್ಕೆ ಗೂಟ ಹೊಡೆಯುತ್ತಿದ್ದರು. ವರ್ನಾಳ ಹಿತ್ತಲಿಗೇ ಒಂದು ಬಂತು. ನಸುಕಿನಲ್ಲೇ ಲಾರಿಗಳು ಹಿಂದೆ ಸರಿಯುತ್ತ ಪೀಂ ಪೀಂ ಎನ್ನಲು ಶುರು. ಅವಳು ಊರಿನ ಪ್ರತಿ ಸಭೆಗೂ ಹೋಗಿ ಕೂಗಾಡಿದಳು. ಹೇಗೂ ಎಚ್ಚರವಾಗುತ್ತದಲ್ಲ ಎಂದು ಅಲಾರಂ ಗಡಿಯಾರವನ್ನು ಮಾತ್ರ ಯಾರಿಗೋ ಕೊಟ್ಟುಬಿಟ್ಟಳು.

ಕೊನೆಗೆ ಒಂದು ವರ್ಷ, ಫಾಸ್ನಾಕ್ಟಿನ ಹಿಂದಿನ ಸೋಮವಾರ, ಗೋದಾಮಿನ ಮೇಲ್ವಿಚಾರಕಿ ಮಾರಿಸೋಲ್ ಪೆಗೆರೊ ಮನೆಗೇ ಬಂದಳು. "ಆಯ್ತು ಅಮ್ಮಾ, ನಾಳೆಯಿಂದ ಬೆಳಗಿನ ಲಾರಿ ಎಲ್ಲ ಆ ಕಡೆ ಗೇಟಿಗೆ. ಹಾಯಾಗಿ ಮಲಗಿ."

ಗೆದ್ದ ಖುಷಿಯಲ್ಲಿ ವರ್ನಾ ಫೈರ್‌ಸ್ಟೇಷನ್ನಿಗೆ ಹೋಗಿ ಹಿಟ್ಟು ನಾದಿಟ್ಟು ಬಂದು ಮಲಗಿದಳು.

ಎಚ್ಚರವಾದಾಗ ಮುಖದ ಮೇಲೆ ಬಿಸಿಲು! ನೈಟಿಯ ಮೇಲೇ ಕೋಟು ಎಳೆದುಕೊಂಡು ಓಡಿದಳು. ಫೈರ್‌ಸ್ಟೇಷನ್ನಿನ ಬಾಗಿಲಾಚೆಗೂ ಸಾಲು. ಒಳಗೆ ಅವಳ ಬಾಣಲೆಯ ಮುಂದೆ, ಅವಳದೇ ಏಪ್ರನ್ ಕಟ್ಟಿಕೊಂಡು ಮಾರಿಸೋಲ್! ರಾತ್ರಿ ಪಾಳಿಯವರಿಗೆಂದು ಕೊಳ್ಳಲು ಬಂದವಳು, ಕರಿಯುವವರಿಲ್ಲವೆಂದು ತಾನೇ ನಿಂತುಬಿಟ್ಟಿದ್ದಳು.

"ಬಂದ್ಲು ನೋಡ್ರೋ ಫಾಸ್ನಾಕ್ಟು!" ವರ್ನಾಳ ಮೈದುನ ಲಮಾರ್ ಕೂಗಿದ. "ಅತ್ತಿಗೆ, ಪಾತ್ರೆ ಆ ಕಡೆ."

"ಬಾಯ್ಮುಚ್ಚೋ! ಲಾರಿ ಕೂಗ್ಲಿಲ್ಲ ಕಣೋ!"

"ಲಾರಿ ಕೂಗ್ಬಾರ್ದು ಅಂತ ವರ್ಷಗಟ್ಲೆ ಕೂಗಿದ್ದು ಯಾರು ಮತ್ತೆ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ವರ್ನಾಗೆ ನಾಚಿಕೆಯಾಯಿತು, ಹೊಟ್ಟೆಯೂ ಉರಿಯಿತು. ಅವಳು ಮಾರಿಸೋಲ್ ಕರಿದಿದ್ದ ಒಂದನ್ನು ಮುರಿದು ನೋಡಿದಳು. ಎಷ್ಟು ಹುಡುಕಿದರೂ ಕೊಂಕು ಸಿಗಲಿಲ್ಲ. "ಪರವಾಗಿಲ್ಲ," ಎಂದು ಪೂರ್ತಿ ತಿಂದು ಇನ್ನೊಂದಕ್ಕೆ ಕೈ ಹಾಕಿದಳು. ಆಮೇಲೆ ತೋಳು ಮಡಚಿ ಪಾತ್ರೆಗೆ ಕೂತಳು. ಲಾರಿ ಡ್ರೈವರುಗಳೂ ಬಂದು ಬಂದು "ಏನು ಫಾಸ್ನಾಕ್ಟಮ್ಮಾ" ಎಂದು ಮಾತಾಡಿಸಿ ಹೋದರು. ನಿಜ ಹೇಳಬೇಕೆಂದರೆ ಅದು ಅವಳಿಗೆ ಹಿತವಾಗಿಯೇ ಇತ್ತು. ಅಷ್ಟು ಜನ ಆ ಅಡುಗೆಮನೆಗೆ ಬಂದು ಬಹಳ ಕಾಲವಾಗಿತ್ತು.

ಕೈ ಒರೆಸಿಕೊಳ್ಳುತ್ತ ಮಾರಿಸೋಲ್‌ಳನ್ನು ಕರೆದಳು. "ಮುಂದಿನ ವರ್ಷಾನೂ ಬಾ. ನಿಂಗೆ ಬೇರೆ ಬಾಣಲೆ ಇಡಿಸ್ತೀನಿ. ಆ ಬಾಣಲೆ ನಂದು."

"ಬರ್ತೀನಿ ಅಮ್ಮಾ. ಆದ್ರೆ ನೀವು ಏಳ್ಬೇಕಲ್ಲ?"

ಲಮಾರ್ ಹತ್ತಿರದಲ್ಲಿಲ್ಲವೆಂದು ನೋಡಿಕೊಂಡು ವರ್ನಾ ದನಿ ತಗ್ಗಿಸಿದಳು. "ಒಂದೇ ಒಂದು ಲಾರಿ ಈ ಕಡೆ ಬಿಡು. ಜೋರಾಗಿ ಕೂಗೋದನ್ನೇ ನೋಡಿ ಬಿಡು."

ಮುಂದಿನ ಸಭೆಯಲ್ಲಿ ಹೊಸ ಗೋದಾಮಿನ ವಿಷಯ ಬಂದಾಗ ವರ್ನಾ ಎದ್ದು ನಿಂತು ಎಂದಿನಂತೆ ಕೂಗಾಡಿದಳು. ಲಾರಿ ಸದ್ದಿನ ಬಗ್ಗೆ ಮಾತ್ರ ಚಕಾರ ಎತ್ತಲಿಲ್ಲ.