ದೋಣಿಯ ಜೋಕು ಊರೂರು ತಿರುಗಿದ್ದು

ನಾನು ದನದ ಡಾಕ್ಟರು. ನನ್ನ ರೋಗಿಗಳು ಒದೆಯುತ್ತವೆ, ಹಾಯುತ್ತವೆ, ಕೆಲವೊಮ್ಮೆ ನನ್ನ ಅಂಗಿಯ ಮೇಲೆ ತಮ್ಮ ಅಭಿಪ್ರಾಯವನ್ನು ಧಾರಾಳವಾಗಿ ಪ್ರಕಟಿಸುತ್ತವೆ. ಆದರೆ ಅವುಗಳಲ್ಲಿ ಒಂದೂ ಇದುವರೆಗೆ ‘ನೀನು ಯಾವ ಪಕ್ಷದವ’ ಎಂದು ಕೇಳಿಲ್ಲ. ಇಷ್ಟು ಸುಖ ಒಬ್ಬನಿಗೇ ಹೆಚ್ಚಾಯಿತೆಂದೋ ಏನೋ, ನನ್ನ ಹಣೆಯಲ್ಲಿ ಒಂದು ಫೋನಿನ ಗ್ರೂಪಿನ ಅಡ್ಮಿನ್‌ಗಿರಿಯನ್ನೂ ಬರೆದಿತ್ತು.

ಗ್ರೂಪು ನಮ್ಮ ಪಿಯುಸಿ ಗೆಳೆಯರದು. ಸಿಂದಗಿಯ ಹಾಸ್ಟೆಲ್ಲಿನಲ್ಲಿ ಒಂದೇ ಪಂಕ್ತಿಯಲ್ಲಿ ಕೂತು, ಬೇಳೆ ಎಲ್ಲಿದೆಯೆಂದು ಹುಡುಕುತ್ತಾ ಸಾರು ಉಂಡವರು. ಈಗ ಇಂಡಿ, ಸಿಂದಗಿ, ಮುದ್ದೇಬಿಹಾಳ ಎಂದು ಚೆದುರಿದ್ದೇವೆ. ನಾನು ಬಸವನ ಬಾಗೇವಾಡಿಯಲ್ಲಿದ್ದೇನೆ. “ಹಾಯೋ ಹೋರಿ ಹಿಡ್ಯಾಂವ ಅದಾನ, ನಮ್ಮನ್ನೂ ಹಿಡೀತಾನ” ಎಂದು ಚನ್ನಪ್ಪ ನನ್ನ ಹೆಸರು ಸೂಚಿಸಿದ. ಮೈಬೂಬ ಅನುಮೋದಿಸಿದ. ಅವರಿಬ್ಬರೂ ಒಂದೇ ಮಾತಿಗೆ ಒಪ್ಪಿದ್ದು ಅದೇ ಕೊನೆ.

ಚನ್ನಪ್ಪನದು ಮುದ್ದೇಬಿಹಾಳದಲ್ಲಿ ಸಿಮೆಂಟು-ಕಬ್ಬಿಣದ ಅಂಗಡಿ. ಮೈಬೂಬನದು ಇಂಡಿಯಲ್ಲಿ ನಿಂಬೆಯ ತೋಟ, ನಿಂಬೆಯ ವ್ಯಾಪಾರ. ಹಾಸ್ಟೆಲ್ಲಿನಲ್ಲಿ ಇಬ್ಬರ ಹಾಸಿಗೆಯೂ ಪಕ್ಕಪಕ್ಕ, ಸಾಬೂನು ಒಂದೇ. ಇನ್ನೊಬ್ಬ ಭೀಮರಾಯ, ದೇವಣಗಾಂವದವನು. ಭೀಮೆಯ ದಂಡೆಯಲ್ಲಿ ಕಬ್ಬು ಬೆಳೆದುಕೊಂಡು, ಬೆಳಿಗ್ಗೆ ಎದ್ದು ಗ್ರೂಪಿಗೆ ಒಂದು ಹೂವಿನ ಚಿತ್ರ ಹಾಕಿ ತನ್ನ ಪಾಡಿಗೆ ತಾನಿರುವವನು. ಈ ಮೂವರು ಗೊತ್ತಾದರೆ ಸಾಕು. ಉಳಿದವರು ಸುಮ್ಮನೆ ನಗುವ ಮುಖ ಒತ್ತುವವರು.

ಆವತ್ತು ಎಲ್ಲೋ ದೂರದ ಒಂದು ದೇಶದಲ್ಲಿ ಜನ ತುಂಬಿದ ದೋಣಿ ಮುಳುಗಿದ ಸುದ್ದಿ ಬಂದಿತ್ತು. ದೇಶದ ಹೆಸರು ಹೇಳುವುದಿಲ್ಲ. ಹೇಳಿದರೆ ಈ ಪ್ರಬಂಧದ ಮೇಲೂ ಜಗಳ ಶುರುವಾದೀತು. ನಾನು ಒಬ್ಬರ ಹಿತ್ತಲಲ್ಲಿ, ಕರು ಅಡ್ಡಬಿದ್ದ ಎಮ್ಮೆಯೊಂದರ ಹಿಂದೆ ನಿಂತು, ಹೆಗಲವರೆಗೆ ಕೈ ಒಳಗೆ ಹಾಕಿದ್ದೆ. ಕಿಸೆಯಲ್ಲಿ ಫೋನು ಮೇಲಿಂದ ಮೇಲೆ ನಡುಗುತ್ತಿತ್ತು. ಕರು ಹೊರಗೆ ಬಂದು, ಕೈ ತೊಳೆದುಕೊಂಡು ನೋಡಿದರೆ ಚನ್ನಪ್ಪ ಒಂದು ಜೋಕು ಹಾಕಿದ್ದ.

ಆ ದೇಶದವರ ದೋಣಿ ಮುಳುಗುತ್ತಿತ್ತಂತೆ. ಎಲ್ಲರೂ ನೀರಲ್ಲಿ ಬಿದ್ದು ದೋಣಿಯ ಅಂಚು ಹಿಡಿದು ಜೋತಾಡುತ್ತಿದ್ದರಂತೆ. ‘ಈಜು ಬರುವವರು ಕೈ ಎತ್ತಿ’ ಎಂದನಂತೆ ಅಂಬಿಗ. ಎಲ್ಲರೂ ಎರಡೂ ಕೈ ಎತ್ತಿದರಂತೆ. ಅಷ್ಟೆ.

ಕೆಳಗೆ ನಗುವ ಮುಖಗಳ ಸಂತೆ. ನನ್ನ ತುಟಿಯೂ ಅಲುಗಿತೆನ್ನಿ. ಅದರ ಕೆಳಗೆ ಮೈಬೂಬ ಬರೆದಿದ್ದ: “ಮುಳುಗಿದವರ ಹೆಣ ಇನ್ನೂ ಸಿಕ್ಕಿಲ್ಲ. ಇದೇನ್ ನಗೋ ಮಾತೇನಲೇ?”

ಚನ್ನಪ್ಪ ಬರೆದ: “ಜೋಕ್ ಐತಿ ಅಷ್ಟ. ನಿನಗ್ಯಾಕ ಉರೀತೈತಿ? ಆ ದೇಶದಾಗ ನಿಮ್ಮ ಬೀಗರು ಅದಾರೇನು? ನೀ ಮೊದಲ ಯಾ ದೇಶದಾಂವ ಹೇಳು.”

ಮೈಬೂಬ ಒಂದೇ ಸಾಲು ಬರೆದ: “ನಾ ಇಂಡಿಯವ.”

ಇಲ್ಲಿಂದ ನಮ್ಮ ಗ್ರೂಪಿನ ಬುದ್ಧಿ ಕೆಟ್ಟಿತು. ಅವನು ಇಂಡಿ ತಾಲೂಕಿನವನು ಎಂದನೋ, ಇಂಡಿಯಾ ದೇಶದವನು ಎಂದನೋ? ‘ಊರಿನ ಹೆಸರು ಹೇಳಿ ದೇಶದ ಹೆಸರು ತಪ್ಪಿಸಿದ್ದಾನೆ’ ಎಂದು ಒಬ್ಬ. ‘ದೇಶವನ್ನೇ ಹೇಳಿದ್ದಾನೆ, ದೀರ್ಘ ಬಿಟ್ಟುಹೋಗಿದೆ’ ಎಂದು ಇನ್ನೊಬ್ಬ. ‘ದೇಶಭಕ್ತಿಯಲ್ಲಿ ದೀರ್ಘ ಬಿಡುವುದು ಸರಿಯಲ್ಲ’ ಎಂದು ಮತ್ತೊಬ್ಬ. ಪಿಯುಸಿಯಲ್ಲಿ ಕನ್ನಡ ವ್ಯಾಕರಣಕ್ಕೆ ಹೆದರಿ ಜ್ವರ ಬರಿಸಿಕೊಳ್ಳುತ್ತಿದ್ದವರೆಲ್ಲ ಮಧ್ಯಾಹ್ನದವರೆಗೆ ಹ್ರಸ್ವ-ದೀರ್ಘದ ಚರ್ಚೆ ಮಾಡಿದರು. ಮೈಬೂಬನ ಅಜ್ಜನ ಅಜ್ಜ ಕೂಡ ಇಂಡಿಯ ಸವುಳು ನೀರನ್ನೇ ಬೈದುಕೊಂಡು ಕುಡಿದವನು. ಅಂಥವನನ್ನು ಅವನ ಸಾಬೂನಿನಲ್ಲೇ ಮುಖ ತೊಳೆದ ಚನ್ನಪ್ಪ ‘ಯಾ ದೇಶದಾಂವ’ ಎಂದು ಕೇಳಿದ್ದು ಯಾರಿಗೂ ವಿಚಿತ್ರವೆನಿಸಲಿಲ್ಲ.

ನವರಸಗಳನ್ನು ಹೇಳುವಾಗ ಶೃಂಗಾರ, ಹಾಸ್ಯ, ಕರುಣ, ರೌದ್ರ ಎಂದು ನಮ್ಮ ಕನ್ನಡ ಮೇಷ್ಟ್ರು ಸಾಲಾಗಿ ಬಾಯಿಪಾಠ ಮಾಡಿಸಿದ್ದರು. ಹಾಸ್ಯಕ್ಕೂ ರೌದ್ರಕ್ಕೂ ನಡುವೆ ಕರುಣವನ್ನು ಯಾಕೆ ಕೂರಿಸಿದ್ದಾರೆಂದು ನನಗೆ ಆಗ ಹೊಳೆದಿರಲಿಲ್ಲ. ನಮ್ಮ ಗ್ರೂಪಿನವರು ಎಕ್ಸ್‌ಪ್ರೆಸ್ ಬಸ್ಸಿನಂತೆ. ಹಾಸ್ಯದಲ್ಲಿ ಹತ್ತಿದರೆ ರೌದ್ರದಲ್ಲೇ ಇಳಿಯುವುದು, ನಡುವಿನ ಸ್ಟಾಪಿನಲ್ಲಿ ನಿಲ್ಲುವುದಿಲ್ಲ. ನನ್ನ ವೃತ್ತಿಯಿಂದಲೂ ಒಂದು ಮಾತು ಹೇಳಬೇಕು. ಹೋರಿ ಒಮ್ಮೊಮ್ಮೆ ಮೂಗು ಮೇಲೆ ಮಾಡಿ, ಮೇಲ್ದುಟಿ ಸುರುಳಿಸಿ ಹಲ್ಲಿನ ವಸಡು ತೋರಿಸುತ್ತದೆ. ‘ನೋಡ್ರಿ ಸಾಹೇಬ್ರ, ನಗಾಕತ್ತೈತಿ’ ಎನ್ನುತ್ತಾರೆ ಜನ. ಅದು ನಗುವುದಿಲ್ಲ, ವಾಸನೆ ಹಿಡಿಯುತ್ತದೆ. ಗ್ರೂಪಿನ ನಗೆಯಲ್ಲೂ ನನಗೆ ಅದೇ ಅನುಮಾನ. ಯಾರು ನಕ್ಕರು, ಯಾರು ನಗಲಿಲ್ಲ, ನಗದವನು ಎಂಥವನು ಎಂದು ಮೂಸಿ ನೋಡುವುದಕ್ಕೇ ಜೋಕು ಹಾಕಿದಂತಿತ್ತು.

ಮರುದಿನ ಮೈಬೂಬ ಅದೇ ಜೋಕನ್ನು ಮತ್ತೆ ಹಾಕಿದ. ದೇಶದ ಹೆಸರಿದ್ದ ಜಾಗದಲ್ಲಿ ಮಾತ್ರ ‘ಮುದ್ದೇಬಿಹಾಳದವರ ದೋಣಿ’ ಎಂದಿತ್ತು. ಕೆಳಗೆ “ಈಗ ನಗ್ರಿ” ಎಂದು ಬರೆದಿದ್ದ. ಮುದ್ದೇಬಿಹಾಳದವರು ಇದು ಇಡೀ ತಾಲೂಕಿನ ಅವಮಾನವೆಂದರು. ಅದೇ ತಾಲೂಕಿನ ನಾಲತವಾಡದವನೊಬ್ಬ ತಮ್ಮ ಊರಿನವರು ಆ ದೋಣಿಯಲ್ಲಿ ಇರಲೇ ಇಲ್ಲವೆಂದು ಸ್ಪಷ್ಟೀಕರಣ ಕೊಟ್ಟ. ಚನ್ನಪ್ಪ ಸುಮ್ಮನಿರುತ್ತಾನೆಯೇ? ಸಂಜೆಗೆ ‘ಇಂಡಿಯವರ ದೋಣಿ’ ಬಂತು.

ಇಂಡಿಯವರಿಗೆ ಸಿಟ್ಟು ಬರುವ ಬದಲು ಸಂತೋಷವಾಯಿತು. ದೋಣಿ ಮುಳುಗುವಷ್ಟು ನೀರು ತಮ್ಮ ತಾಲೂಕಿಗೆ ಕೊನೆಗೂ ಬಂತಲ್ಲ! ಆದರೆ ಆ ನೀರು ತಂದವರು ಯಾರು? “ನಮ್ಮ ಸರಕಾರ ಇದ್ದಾಗಿನ ಯೋಜನಿ ಅದು” ಎಂದು ಒಬ್ಬ. “ಅಡಿಗಲ್ಲು ಇಟ್ಟಾವರು ನಾವು” ಎಂದು ಇನ್ನೊಬ್ಬ. ಇಲ್ಲದ ದೋಣಿಯನ್ನು ಮುಳುಗಿಸಿದ ಇಲ್ಲದ ನೀರಿನ ಕೀರ್ತಿಗಾಗಿ ಎರಡು ಪಕ್ಷದವರು ಊಟ ಬಿಟ್ಟು ಹೊಡೆದಾಡಿದರು. ಅಷ್ಟರಲ್ಲಿ ಸಿಂದಗಿಯವರ ಗೋಳು: “ಎಲ್ಲಾರ ಮ್ಯಾಲೂ ಜೋಕ್ ಆತು. ನಮ್ಮನ್ನ ಯಾರೂ ಕೇಳವಲ್ರಿ. ನಾವೇನ್ ಲೆಕ್ಕಕ್ಕ ಇಲ್ಲೇನು?” ಅವರನ್ನು ಸಮಾಧಾನಪಡಿಸಲು ಯಾರೋ ‘ಸಿಂದಗಿಯವರ ದೋಣಿ’ ಮಾಡಿ ಹಾಕಿದರು. ಕೂಡಲೇ ಆಲಮೇಲದವನ ಆಕ್ಷೇಪ ಬಂತು: “ನಮ್ಮದೀಗ ಬ್ಯಾರೆ ತಾಲೂಕ ಐತಿ. ನಮ್ಮನ್ನ ಸಿಂದಗಿ ದೋಣ್ಯಾಗ ಹಾಕಬ್ಯಾಡ್ರಿ. ನಮಗ ಬ್ಯಾರೆ ದೋಣಿ ಕೊಡ್ರಿ.”

ಹೆಂಡತಿಗೆ ಇದನ್ನೆಲ್ಲ ಓದಿ ಹೇಳಿದೆ. ಅವಳು ಮೆಂತ್ಯದ ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಿ, “ಅಲ್ರೀ, ಖರೇ ದೋಣ್ಯಾಗ ಮುಳುಗಿದವರು ಸಿಕ್ರೇನು?” ಎಂದಳು. ನನಗೆ ಗೊತ್ತಿರಲಿಲ್ಲ. ಗ್ರೂಪಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆಗ ನನ್ನೊಳಗಿನ ಅಡ್ಮಿನ್ ಎಚ್ಚೆತ್ತ. ‘ಮನುಷ್ಯರ ಸಾವಿನ ಮೇಲೆ ಯಾರೂ ಜೋಕು ಹಾಕಕೂಡದು’ ಎಂದು ನಿಯಮ ಬರೆದೆ. ಚನ್ನಪ್ಪ, “ಅಡ್ಮಿನ್ ಅವನ ಕಡೆ ವಾಲ್ಯಾನ” ಎಂದ. ಮೈಬೂಬ, “ಮೊದಲ ಜೋಕ್ ಬಂದಾಗ ಅಡ್ಮಿನ್ ಕೈ ಎಲ್ಲಿತ್ತು?” ಎಂದ. ಎಲ್ಲಿತ್ತೆಂದು ಹೇಳಬಹುದಿತ್ತು, ಮರ್ಯಾದೆಗೆ ಅಂಜಿ ಹೇಳಲಿಲ್ಲ. ನಿಯಮದಿಂದ ಆದ ಲಾಭವೆಂದರೆ ಎರಡೂ ಕಡೆಯವರು ಸೇರಿ ನನ್ನನ್ನು ಬೈದದ್ದು.

ಮೈಬೂಬನಿಗೆ ಒಂದು ಬಾಣ ಉಳಿದಿತ್ತು. ಚನ್ನಪ್ಪನ ಹೆಂಡತಿಯ ತವರು ದೇವಣಗಾಂವ. ಮರುದಿನ ಬೆಳಿಗ್ಗೆ ಅವನು ‘ದೇವಣಗಾಂವದವರ ದೋಣಿ’ ಎಂದು ತಿದ್ದಿ ಹಾಕಿದ. ಚನ್ನಪ್ಪನ ಮಾವನ ಮನೆಗೆ ಗುರಿಯಿಟ್ಟ ಬಾಣ ಅದು. ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ಒಂದು ಸಾಲು ಮೂಡಿತು: ಭೀಮರಾಯ ಗ್ರೂಪು ಬಿಟ್ಟಿದ್ದಾನೆ.

ನಾನು ಆಸ್ಪತ್ರೆಯ ಕಟ್ಟೆಯ ಮೇಲೆ ಕೂತುಬಿಟ್ಟೆ. ನಾವು ಪಿಯುಸಿ ಎರಡನೇ ವರ್ಷದಲ್ಲಿದ್ದಾಗ ಭೀಮರಾಯನ ಅಣ್ಣ ಸಿದ್ದಪ್ಪ ಭೀಮೆಯಲ್ಲಿ ದೋಣಿ ಮಗುಚಿ ತೀರಿಕೊಂಡಿದ್ದ. ಹಾಸ್ಟೆಲ್ಲಿಗೆ ಸುದ್ದಿ ಬಂದಾಗ ಭೀಮರಾಯನನ್ನು ಬಸ್ಸಿನಲ್ಲಿ ಊರಿಗೆ ಕರೆದೊಯ್ದವರು ಇದೇ ಚನ್ನಪ್ಪ, ಇದೇ ಮೈಬೂಬ. ಅವನ ಒಂದೊಂದು ಕೈ ಒಬ್ಬೊಬ್ಬರು ಹಿಡಿದು ದಾರಿಯುದ್ದಕ್ಕೂ ಕೂತಿದ್ದರು. ಅಷ್ಟೂ ಜನ ಅಷ್ಟು ದಿನ ದೋಣಿ ದೋಣಿ ಎಂದು ಬಡಿದಾಡಿದೆವು. ಒಬ್ಬರ ತಲೆಗೂ ಅದು ಹೊಳೆದಿರಲಿಲ್ಲ.

ಫೋನು ಮೊದಲು ಬಂದದ್ದು ಮೈಬೂಬನದು. “ದೋಸ್ತ, ನಾ ಏನ್ ಮಾಡಿಬಿಟ್ನೋ. ನಗಬ್ಯಾಡ್ರಿ ಅಂದಾಂವ ನಾನ. ನಾನ ಹಾಕೀನಿ ಅದನ್ನ.” ಆಮೇಲೆ ಚನ್ನಪ್ಪನದು: “ಭೀಮ್ಯಾ ಫೋನ್ ಎತ್ತವಲ್ಲ. ನಾಳೆ ಐತವಾರ ಐತಿ, ಹೋಗೂಣ ನಡಿ.”

ಭಾನುವಾರ ಚನ್ನಪ್ಪ ಮುದ್ದೇಬಿಹಾಳದಿಂದ ಬಾಗೇವಾಡಿಗೆ ಬಂದು ನನ್ನ ಕಾರು ಹತ್ತಿದ. ಮೈಬೂಬ ಸಿಂದಗಿಯಲ್ಲಿ, ನಿಂಬೆಹಣ್ಣಿನ ಚೀಲವೊಂದನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತ. ಇಬ್ಬರಿಗೂ ಮಾತಿಲ್ಲ. “ಕಿಡಕಿ ಏರಸಾಕ ಹೇಳು ಅವಗ” ಎಂದು ಚನ್ನಪ್ಪ ನನಗೆ. “ಸೆಕಿ ಆಗೈತಿ ಅಂತ ಹೇಳು ಅವಗ” ಎಂದು ಮೈಬೂಬ ನನಗೆ. ಆಲಮೇಲ ದಾಟುವಾಗ ನನ್ನ ಫೋನು ಎರಡು ಸಲ ಗುಣುಗುಟ್ಟಿತು. ಚಹಾಕ್ಕೆ ನಿಲ್ಲಿಸಿದಾಗ ನೋಡಿದರೆ, ಒಂದೇ ಕಾರಿನಲ್ಲಿ ಕೂತ ಇಬ್ಬರೂ ಗ್ರೂಪಿನಲ್ಲಿ ಒಬ್ಬರನ್ನೊಬ್ಬರು ಬೈದಿದ್ದರು. ಎಮ್ಮೆ ಹೆರಿಗೆಯೇ ಎಷ್ಟೋ ಸುಲಭವೆನಿಸಿತು.

ದೇವಣಗಾಂವದಲ್ಲಿ ಭೀಮರಾಯ ಅಂಗಳದಲ್ಲೇ ಇದ್ದ. ನಮ್ಮನ್ನು ನೋಡಿ ಬೈಯಲಿಲ್ಲ, ನಗಲೂ ಇಲ್ಲ. ಒಳಗಿಂದ ಚಾಪೆ ತಂದು ಹಾಸಿದ. ಅವನ ತಾಯಿ ಗೋಡೆಗೆ ಒರಗಿ ಕೂತಿದ್ದರು. ವಯಸ್ಸಾಗಿದೆ, ಕಿವಿ ಚುರುಕಾಗಿದೆ. ಮೈಬೂಬ ನಿಂಬೆಹಣ್ಣಿನ ಚೀಲವನ್ನು ಅವರ ಮುಂದಿಟ್ಟು, ಕಾಲು ಮುಟ್ಟಿ, “ನಂದು ತಪ್ಪಾತ್ರಿ ಅವ್ವಾ” ಎಂದ.

ಭೀಮರಾಯ ಹೇಳಿದ: “ನನಗ ಸಿಟ್ಟಿಲ್ಲೋ. ಬೆಳಿಗ್ಗೆ ಹೂವಿನ ಫೋಟೋ ಹಾಕಾಕ ತಗದೆ. ಅದನ್ನ ಓದಿದ ಮ್ಯಾಲ ಹೂವು ಹಾಕೂದ ಹೆಂಗಂತ ತಿಳೀಲಿಲ್ಲ. ಹೊರಗ ಬಂದೆ.”

“ಅಣ್ಣನ ನೆನಪು ತಗದು ಅಳಿಸಿದಿವಿ ನಿನಗ” ಎಂದ ಚನ್ನಪ್ಪ.

“ಅಳೂದ್ಯಾಕ?” ಎಂದರು ತಾಯಿ. “ಅವನ ನೆನಸಿದ್ರ ನಾವು ನಗತೇವಿ. ಅವತ್ತ ದೋಣ್ಯಾಗ ಯಾರದೋ ಆಡಿನ ಮರಿ ಇತ್ತಂತ. ಅದನ್ನ ಎರಡೂ ಕೈಲೆ ಮ್ಯಾಲ ಎತ್ತಿ ಹಿಡಿದಿದ್ನಂತ ನನ್ನ ಮಗ. ಮರಿ ಉಳೀತು. ಅದರ ಮಾಲಕರು ತಂದು ನನ್ನ ಮಡಿಲಿಗೇ ಹಾಕಿ ಹೋದ್ರು. ಸಾಕಿದೆ. ದೊಡ್ಡದಾಗಿ ನನ್ನ ಸೀರಿ ಒಂದೂ ಬಿಡದಂಗ ತಿಂತು ಅದು! ‘ಅಲ್ಲೋ ಸಿದ್ದ್ಯಾ, ಎತ್ತೋದು ಎತ್ತಿದಿ, ಸಾಧು ಪ್ರಾಣಿ ನೋಡಿ ಎತ್ತಬಾರದಿತ್ತೇನೋ’ ಅಂತ ಹೊಳಿ ದಂಡಿಗೆ ನಿಂತು ಬೈದು ಬರ್ತಿದ್ದೆ.”

ಅವರು ನಕ್ಕರು. ಭೀಮರಾಯನೂ ನಕ್ಕ. ನಾವು ಮೂವರು ನಗಬೇಕೋ ಬೇಡವೋ ತಿಳಿಯದೆ ಚಾಪೆಯ ಅಂಚು ನೋಡುತ್ತಾ ಕೂತೆವು.

“ಅದೇನ್ ಜೋಕು, ಹೇಳ್ರಿ ಕೇಳೂಣು” ಎಂದರು ತಾಯಿ, ಚನ್ನಪ್ಪನ ಕಡೆ ತಿರುಗಿ. ಅವನ ಮುಖ ಹಸಿ ಸಿಮೆಂಟಿನ ಬಣ್ಣಕ್ಕೆ ಬಂತು. ಹೇಳದೆ ಬಿಡುವ ಹಾಗಿರಲಿಲ್ಲ. “ಒಂದು ದೋಣಿ ಇತ್ರಿ ಅವ್ವಾ…” ಎಂದು ಶುರುಮಾಡಿದ.

“ಯಾ ಊರಾವರದು?”

ಚನ್ನಪ್ಪ ನನ್ನನ್ನು ನೋಡಿದ. ಮೈಬೂಬನನ್ನು ನೋಡಿದ. “ಯಾರದೂ ಅಲ್ರಿ” ಎಂದ.

“ಯಾರದೂ ಅಲ್ಲಂದ್ರ ಅದರಾಗ ಕುಂತಾವರು ಯಾರು?”

“ಯಾರೂ ಕುಂತಿರಲಿಲ್ರಿ.”

“ಖಾಲಿ ದೋಣಿ ಮುಳುಗಿದ್ರ ನಗೂದೇನೈತಿ?” ಎಂದು ತಾಯಿ ಅದನ್ನು ಅಲ್ಲಿಗೇ ಕೈಬಿಟ್ಟರು. “ನಾ ಹೇಳ್ತೇನಿ ಕೇಳ್ರಿ. ಹೊಳಿ ಆಚೀ ದಂಡಿ ಮಂದಿ ಸತ್ತವರ ಮಣ್ಣಿಗೆ ಬಂದ್ರಂದ್ರ ಸೀದಾ ಅಳೂದಿಲ್ಲ. ಮೊದಲ ಒಳಗಿನ ಅಡಗಿ ವಾಸನಿ ತಗೋತಾರ. ಹೋಳಿಗಿ ಇದ್ರ ಜೋರಾಗಿ ಅಳತಾರ, ಬರೇ ಅನ್ನ ಇದ್ರ ಸಣ್ಣಗ ಅಳತಾರ.”

ನಾನು ಬೆಚ್ಚಿ ಅಡುಗೆಮನೆಯ ಬಾಗಿಲು ನೋಡಿದೆ. ಭೀಮರಾಯನ ಹೆಂಡತಿ ನೀಲಮ್ಮ ಹೊಳೆಯ ಆಚೆ ದಂಡೆಯವಳು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

“ಹೌದ್ರಿ ಅತ್ತಿ” ಎಂದಳು ನೀಲಮ್ಮ ಒಳಗಿನಿಂದಲೇ. “ಈಚೀ ದಂಡೀ ಮಂದಿಗಿ ಆ ತ್ರಾಸಿಲ್ಲ. ಇವರ ಅಡಗಿ ವಾಸನಿ ಬಂದ್ರ ಸಾಕು, ಯಾರೂ ಸಾಯದಿದ್ರೂ ಅಳು ಬರ್ತೈತಿ.”

ಮತ್ತೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ತಾಯಿ ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಈ ಸಲ ನಾವೂ ನಕ್ಕೆವು. ಆ ಮನೆಯಲ್ಲಿ ಈ ಜಗಳ ಮದುವೆಯಾದಾಗಿನಿಂದ ನಡೆದಿದೆಯಂತೆ. ಇಬ್ಬರಲ್ಲಿ ಒಬ್ಬರೂ ಮನೆ ಬಿಟ್ಟು ಹೋಗಿಲ್ಲ. ಚನ್ನಪ್ಪ ಸುಮ್ಮನೆ ಅಭ್ಯಾಸಬಲದಿಂದ, ಆ ಜೋಕನ್ನು ಗ್ರೂಪಿಗೆ ಹಾಕಲು ಫೋನು ತೆಗೆದ. ಮೈಬೂಬ ಅದನ್ನು ಅವನ ಕೈಯಿಂದ ಇಸಿದುಕೊಂಡು, “ಬ್ಯಾಡ. ಇದು ಇವರ ಮನೀದು” ಎಂದು ತನ್ನ ಕಿಸೆಗೆ ಹಾಕಿಕೊಂಡ. ಜಗಳ ಶುರುವಾದ ಮೇಲೆ ಅವನು ಚನ್ನಪ್ಪನಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

ಊಟಕ್ಕೆ ಬಿಸಿ ರೊಟ್ಟಿ, ಪುಂಡಿಪಲ್ಯ, ಕೆಂಪು ಮೆಣಸಿನಕಾಯಿಯ ರಂಜಕ. ಎರಡನೇ ತುತ್ತಿಗೆ ಚನ್ನಪ್ಪನ ಮೂಗು ಸುರಿಯತೊಡಗಿತು, ಕಣ್ಣಿಂದ ನೀರು ಇಳಿಯತೊಡಗಿತು. ಖಾರ ಎಷ್ಟು, ಖಾರವಲ್ಲದ್ದು ಎಷ್ಟು ಎಂದು ಯಾರೂ ಕೇಳಲಿಲ್ಲ.

ಮೈಬೂಬ ನೀರಿನ ತಂಬಿಗೆಯನ್ನು ಅವನ ಕಡೆ ಸರಿಸಿ, ತಾಯಿಗೆ ಹೇಳಿದ: “ಊಟ ಕಂಡ ಕೂಡಲೇ ಹೆಂಗ ಜೋರಾಗಿ ಅಳಾಕತ್ತಾನ ನೋಡ್ರಿ ಅವ್ವಾ. ಇಂವ ಹೊಳಿ ಆಚೀ ದಂಡ್ಯಾಂವ ಇರಬೇಕು.”

ನಾನು ತುತ್ತು ಬಾಯಲ್ಲಿಟ್ಟುಕೊಂಡೇ ಉಸಿರು ಹಿಡಿದೆ. ಚನ್ನಪ್ಪ ಮೂಗು ಒರೆಸಿಕೊಂಡು, ಗೆಳೆಯನ ಮುಖ ನೋಡಿ, “ಹೌದಲೇ, ನಾ ಅಲ್ಲ್ಯಾಂವನ. ಆತಿಲ್ಲೋ? ಇನ್ನೊಂದು ರೊಟ್ಟಿ ಹಾಕಸು” ಎಂದ.

ನೀಲಮ್ಮ ಹೊರಗೆ ಬಂದು ಅವನ ತಾಟಿಗೆ ಎರಡು ಹಾಕಿದಳು. ತವರಿನ ಕಡೆಯವರೆಂದರೆ ಹೆಣ್ಣುಮಕ್ಕಳಿಗೆ ಒಂದು ಕೈ ಹೆಚ್ಚೇ.